ಸುರಪುರದ ರ‍್ಯಾಪ್ ಮನೆತನ

ರ‍್ಯಾಪ್ ಎಂಬ ಕಲೆ ಅಮೆರಿಕದಲ್ಲಿ ಹುಟ್ಟಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಹುಟ್ಟಿದ್ದು ಸುರಪುರದಲ್ಲಿ, ಅಂಬ್ರಪ್ಪನ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಅವನ ಮುತ್ತಜ್ಜಿಯ ಬಾಯಿಂದ. ಮುತ್ತಜ್ಜಿ ಕೌದಿ ಒಗೆಯುತ್ತ ಓಣಿಯವರನ್ನು ಬೈದರೆ ಆ ಬೈಗುಳಕ್ಕೆ ತಾಳವಿರುತ್ತಿತ್ತು, ಪ್ರಾಸವಿರುತ್ತಿತ್ತು, ಕೊನೆಗೊಂದು ಚುಚ್ಚುವ ಮೊನೆಯೂ ಇರುತ್ತಿತ್ತು. ಆ ದನಿ ಕೃಷ್ಣೆಗೆ ಬಿದ್ದು, ಸಮುದ್ರ ಸೇರಿ, ಯಾವುದೋ ಹಡಗು ಹತ್ತಿ ಅಮೆರಿಕ ಮುಟ್ಟಿತು. ಅಲ್ಲಿಯವರು ಅದಕ್ಕೊಂದು ಉಲ್ಟಾ ಟೋಪಿ ಹಾಕಿ, ಕೊರಳಿಗೆ ದಪ್ಪನೆಯ ಸರ ಹಾಕಿ, ತಮ್ಮ ಮನೆಯ ಕೂಸು ಎಂದು ಜಗತ್ತಿಗೆಲ್ಲ ತೋರಿಸಿದರು.

ಇದು ಇತಿಹಾಸ. ಈ ಇತಿಹಾಸ ಮೊದಲು ಅಂಬ್ರಪ್ಪನಿಗೂ ಗೊತ್ತಿರಲಿಲ್ಲ. ಗುರುಮಠಕಲ್ಲಿನ ಬೀಗರ ಮನೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ತನ್ನದೇ ಬಾಯಿಂದ ಅದು ಹೊರಬಿದ್ದದ್ದನ್ನು ಕೇಳಿಸಿಕೊಂಡಾಗಲೇ ಅವನಿಗೂ ಗೊತ್ತಾಯಿತು.

ಅಂಬ್ರಪ್ಪ ಸುರಪುರದಲ್ಲಿ ಕ್ರೂಸರ್ ಗಾಡಿಗಳಿಗೆ ಪ್ಯಾಸೆಂಜರ್ ಕೂಗಿ ತುಂಬಿಸುವ ಏಜೆಂಟ. ಅವನು "ಶಾಪೂರ, ಶಾಪೂರ" ಎಂದು ದನಿ ಎತ್ತಿದರೆ ದೇವಾಪುರದ ಹೊಲದಲ್ಲಿ ಮೇಯುವ ಎಮ್ಮೆಗಳೂ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದವು. ಮಗಳು ಉಮಾ ಕಡೇಚೂರಿನ ಔಷಧಿ ಕಂಪನಿಯೊಂದರಲ್ಲಿ ಗುಳಿಗೆ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಅದೇ ಕಂಪನಿಯಲ್ಲಿ ಯಂತ್ರ ನೋಡಿಕೊಳ್ಳುವ ಗುರುಮಠಕಲ್ಲಿನ ಸಾಯಿಕುಮಾರನೊಂದಿಗೆ ಅವಳ ಲಗ್ನದ ಮಾತು ಪಕ್ಕಾ ಆಗಿತ್ತು. ಹುಡುಗ ಬಂಗಾರ. ತೊಡಕು ಒಂದೇ. ಹುಡುಗನಿಗೆ ತಂದೆ ಇಲ್ಲ, ಆ ಮನೆಯಲ್ಲಿ ನಡೆಯುವುದು ಶ್ರೀಮಂತ ಎಂಬ ಹೆಸರಿನ ದೊಡ್ಡಪ್ಪನ ಮಾತು. ಲಗ್ನವಾದ ಮೇಲೆ ಸೊಸೆ ಕೆಲಸ ಬಿಡಬೇಕು ಎಂಬುದು ಆ ಮಾತು.

"ಅಪ್ಪಾ, ಕೆಲಸ ನಾ ಬಿಡಂಗಿಲ್ಲ" ಎಂದು ಉಮಾ ಹೇಳಿ ಕಳಿಸಿದ್ದಳು. "ಈ ಮಾತ ನಿಶ್ಚಯಕ್ಕಿಂತ ಮೊದಲ ಬಗಿಹರಿಸಿ ಬಾ. ಇಲ್ಲಂದ್ರ ನನಗ ಈ ಲಗ್ನನ ಬ್ಯಾಡ."

ಅಂಬ್ರಪ್ಪ ಅದಕ್ಕೇ ಹೋಗಿದ್ದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಆದರೆ ಹೆಣ್ಣಿನ ತಂದೆ ಬೀಗರ ಮುಂದೆ ಕೂತರೆ ಅವನ ಬೆನ್ನು ತಾನಾಗಿಯೇ ಬಾಗುತ್ತದೆ, ದನಿ ಚಹಾ ಬಶಿಯೊಳಗೆ ಇಳಿಯುತ್ತದೆ. ಅವನು "ಒಂದು ಮಾತು..." ಎಂದು ಶುರು ಮಾಡುವಷ್ಟರಲ್ಲಿ ಶ್ರೀಮಂತ ತನ್ನ ಮೊಬೈಲನ್ನು ಅವನ ಮೂಗಿಗೆ ಹಿಡಿದ.

"ನೋಡ್ರಿ ಬೀಗರೇ, ನನ್ನ ಮಗ ದ್ಯಾವಪ್ಪ. ಹೈದರಾಬಾದಿನ್ಯಾಗ ಓದ್ಲಿಕತ್ತಾನ. ಹಿಂಗ ಹಾಡೋದಕ್ಕ ರ‍್ಯಾಪ್ ಅಂತಾರ. ನಿಮ್ಮ ಸುರಪುರದ ಕಡಿ ಇದೆಲ್ಲ ಎಲ್ಲಿ ಬರಬೇಕು."

ದ್ಯಾವಪ್ಪನ ಬಗ್ಗೆ ಇಲ್ಲಿ ಎರಡು ಮಾತು ಹೇಳದಿದ್ದರೆ ಕಥೆಗೆ ಅನ್ಯಾಯ. ಅಂಥ ಚೆಲುವ ಯಾದಗಿರಿ ಜಿಲ್ಲೆಯಲ್ಲಿ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದು ಅನುಮಾನ. ಅವನು ಮೈಕ್ ಹಿಡಿದರೆ ಚಾರ್‌ಮಿನಾರಿನ ಗಡಿಯಾರಗಳು ತಮ್ಮ ಟಿಕ್‌ಟಿಕ್ ಬಿಟ್ಟು ಅವನ ತಾಳಕ್ಕೆ ಬೀಳುತ್ತಿದ್ದವು. ಕನ್ನಡ, ತೆಲುಗು, ದಖನಿ ಮೂರೂ ಅವನ ನಾಲಗೆಯ ಮೇಲೆ ಒಂದೇ ಮಂಚದಲ್ಲಿ ಮಲಗುತ್ತಿದ್ದವು. ಅವನ ಅಭಿಮಾನಿಗಳು ಲಕ್ಷ ಲಕ್ಷ.

ಅಂಬ್ರಪ್ಪನಿಗೆ ಇದೆಲ್ಲ ಕಾಣಲಿಲ್ಲ. "ನಿಮ್ಮ ಸುರಪುರದ ಕಡಿ" ಎಂಬುದಷ್ಟೇ ಕೇಳಿಸಿತು.

"ರ‍್ಯಾಪ್ ಏನ್ರಿ? ಅದು ನಮ್ಮ ಮನಿತನದ ವಿದ್ಯಾ" ಎಂದ. "ನಮ್ಮ ಮುತ್ತಜ್ಜಿ ಸುರು ಮಾಡಿದ್ದು. ನಾನೂ ಒಂದು ಕಾಲಕ್ಕ ಭಾಳ ಮಾಡೀನಿ. ಕೇಳಿದ ಮಂದಿ ಮೂರ್ಛೆ ಬೀಳಾಕತ್ರು ಅಂತ ಬಿಟ್ಟೀನಿ."

ಶ್ರೀಮಂತ ಜಾಣ. ಅವನು ನಗಲಿಲ್ಲ. "ಹಂಗಾದ್ರ ನಿಶ್ಚಯದ ದಿನ ನಮ್ಮ ಹುಡುಗನ ಜೋಡಿ ಒಂದು ಪಂದ್ಯ ಆಗ್ಲಿ. ಬಾಯಿ ಕಟ್ಟಿದವ ಸೋತ, ಸಿಟ್ಟಿಗೆದ್ದವನೂ ಸೋತ. ಗೆದ್ರ ನೀವು ಕೇಳಿದ್ದು ಕೊಡ್ತೀನಿ."

"ನಮ್ಮ ಉಮಾ ಕೆಲಸ ಬಿಡಬಾರದು."

"ಆಗ್ಲಿ. ಸೋತ್ರ ಬಿಡ್ತಾಳ. ಆಮ್ಯಾಲ ಆ ಮಾತ ನೀವು ಮತ್ತ ಎತ್ತಂಗಿಲ್ಲ."

"ಆಗ್ಲಿ" ಎಂದ ಅಂಬ್ರಪ್ಪ. ಗುರುಮಠಕಲ್ಲಿನಿಂದ ಯಾದಗಿರಿ, ಯಾದಗಿರಿಯಿಂದ ಶಹಾಪುರ, ಶಹಾಪುರದಿಂದ ಸುರಪುರ, ಬಸ್ಸು ಬದಲಿಸಿ ಬದಲಿಸಿ ಮನೆ ಮುಟ್ಟುವವರೆಗೂ ಅವನು ಗೆದ್ದವನ ಹಾಗೆಯೇ ಇದ್ದ. ಮನೆಯ ಹೊಸ್ತಿಲಲ್ಲಿ ಹೆಂಡತಿ ಮೋನಮ್ಮ ನಿಂತಿದ್ದಳು; ಸುದ್ದಿ ಫೋನಿನಲ್ಲಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು.

"ಮಗಳ ಕೆಲಸದ ಮಾತಾಡಿ ಬರ್ರಿ ಅಂದ್ರ ಪಣಕ್ಕಿಟ್ಟು ಬಂದೀರೇನು? ಅದೂ ಯಾವ ಆಟದಾಗ?"

"ರ‍್ಯಾಪ್‌ದಾಗ."

"ಅಂದ್ರ ಏನು?"

"ಅದನ್ನ ಕೇಳಾಕ ಅಲ್ಮಾಸ ಟೀಚರ್ ಮನಿಗಿ ಹೊಂಟೀನಿ."

ಅಲ್ಮಾಸ ಪಕ್ಕದ ಮನೆಯವಳು, ಶಹಾಪುರದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದಳು. ತಾಯಿ ಶರೀಫಾಬೀ ಅಂಗಳದಲ್ಲಿ ಮೊರ ಹಿಡಿದು ಜೋಳ ಕೇರುತ್ತಿದ್ದಳು. ಅಂಬ್ರಪ್ಪ ನೆಲದ ಮೇಲೆ ಶಿಷ್ಯನಂತೆ ಕೂತ.

"ನೋಡ್ರಿ ಮಾಮಾ" ಎಂದು ಅಲ್ಮಾಸ ಶುರು ಮಾಡಿದಳು. "ನ್ಯೂಯಾರ್ಕಿನ್ಯಾಗ ಬ್ರಾಂಕ್ಸ್ ಅಂತ ಒಂದು ಕಡಿ. ಬಡವರ ಓಣಿಗಳು. ಐವತ್ತು ವರ್ಷದ ಹಿಂದ ಅಲ್ಲಿ ಕರಿಯ ಮಂದಿ, ಲ್ಯಾಟಿನ್ ಮಂದಿ ಓಣ್ಯಾಗ ಕೂಡಿ ಕುಣೀತಿದ್ರು. ಒಬ್ಬಾಂವ ಎರಡು ಗ್ರಾಮೋಫೋನ್ ಪ್ಲೇಟ್ ಹಚ್ಚಿ, ಹಾಡಿನ್ಯಾಗ ತಾಳ ಅಷ್ಟ ಇರೋ ತುಣುಕು ಮತ್ತ ಮತ್ತ ತಿರುಗಸಾಂವ. ಅದರ ಮ್ಯಾಲ ಇನ್ನೊಬ್ಬಾಂವ ಮೈಕ್ ಹಿಡದು ಮಾತ ಪೋಣಸಾಂವ. ಕರೆಂಟ್ ಇಲ್ಲಂದ್ರ ಬೀದಿ ಕಂಬದಿಂದ ವಾಯರ್ ಎಳೀತಿದ್ರಂತ."

"ಕಂಬದಿಂದ ವಾಯರ್ ಎಳೀತಿದ್ರಾ?" ಅಂಬ್ರಪ್ಪನ ಮುಖ ಅರಳಿತು. "ಹಂಗಾದ್ರ ನಮ್ಮವರ ಅವರು."

"ಅದಕ್ಕಿಂತ ಮೊದಲ ಜಮೈಕಾದಾಗ ಹಾಡಿನ ಮ್ಯಾಲ ಮಾತಾಡೋರು ಇದ್ರು. ಅದಕ್ಕೂ ಮೊದಲ ಆಫ್ರಿಕಾದಾಗ ಒಂದು ಮನಿತನದವರು ಊರೂರು ತಿರುಗಿ ವಾದ್ಯ ಬಾರಿಸಿ, ಯಾರ ವಂಶ ಏನು, ಯಾರ ಅಜ್ಜ ಏನು ಮಾಡಿದ ಅಂತ ಹೇಳ್ತಿದ್ರು."

"ಹೆಳವರು ಅನ್ನು" ಎಂದಳು ಶರೀಫಾಬೀ ಮೊರದಿಂದ ತಲೆ ಎತ್ತದೆ. "ನಮ್ಮ ಊರಿಗೂ ಎತ್ತಿನ ಮ್ಯಾಲ ಬರ್ತಿದ್ರು."

"ಅಂಥವರೇ ಅಮ್ಮಿ. ಈಗ ಕಸಬು ಕೇಳ್ರಿ ಮಾಮಾ. ನಾಕು ಏಟಿಗಿ ಒಂದು ಸುತ್ತು. ಮಾತು ಏಟಿನ ಮ್ಯಾಲ ಕೂಡಬೇಕು, ಒಮ್ಮೊಮ್ಮಿ ಬೇಕಂತಲೇ ಒಂದು ಕೂದಲಷ್ಟು ಹಿಂದ ಬೀಳಬೇಕು. ಉಸಿರು ಎಲ್ಲಿ ತಗೋಬೇಕು ಅಂತ ಮೊದಲ ಜಾಗ ಮಾಡಿಟ್ಟಿರಬೇಕು. ಪ್ರಾಸ ಸಾಲಿನ ಕೊನಿಗಷ್ಟ ಅಲ್ಲ, ನಡುವನೂ ಬರಬೇಕು. ಮತ್ತ ಪಂದ್ಯ ಅಂದ್ರ ಎದುರಿನಾಂವಗ ಬೈಯೋದು. ಬೈಸ್ಕೊಂಡಾಂವ ಸಿಟ್ಟಿಗೇಳಬಾರದು. ಇನ್ನೂ ಚಂದ ಬೈಬೇಕು."

"ಬೈಯೋದು ಅಂದ್ರ ಯಾರಿಗಿ?"

"ದ್ಯಾವಪ್ಪಗ. ಅವರಪ್ಪಗ."

ಅಂಬ್ರಪ್ಪ ಎದ್ದು ನಿಂತ. "ಬೀಗರಿಗಿ? ನಾ?" ಎಂದು ಕೇಳಿ ಮತ್ತೆ ಕೂತ.

ಆದರೂ ಸಾಧನೆ ಶುರುವಾಯಿತು. ಅಂಬ್ರಪ್ಪ ತಾಳಕ್ಕೆಂದು ಮನೆಯ ಹಿತ್ತಾಳೆ ಕೊಡವನ್ನು ಬೋರಲು ಹಾಕಿ ನಾಲ್ಕು ನಾಲ್ಕು ಏಟು ಬಡಿಯುತ್ತ ಕೂತ. ಮೋನಮ್ಮ ನೀರು ತರಲು ಪ್ಲಾಸ್ಟಿಕ್ ಕೊಡ ಹಿಡಿದು ಹೋಗುವಂತಾಯಿತು. ಗಾಡಿ ಅಡ್ಡೆಯಲ್ಲಿ ಅವನು ಹಳೆಯ ಕೂಗನ್ನು ಬಿಟ್ಟು ಹೊಸದನ್ನು ಹಿಡಿದ:

"ಹತ್ತಿಗುಡೂರ ಹತ್ರಿ, ಹೊತ್ತು ಆತು ಹತ್ರಿ,
ಒತ್ತಾಗಿ ಕೂತ್ರಿ ಅಂದ್ರ ಶಾಪೂರ ಮುಟ್ಟತೀರಿ."

ಜನ ಕೂಡಿದರು. ಹತ್ತಿಗುಡೂರಿಗೆ ಹೋಗುವವರು, ಹೋಗದವರು, ಎಲ್ಲಿಗೆ ಹೋಗಬೇಕೆಂದು ಮರೆತವರು. ಕಬ್ಬಿನ ಹಾಲಿನ ಗಾಡಿಯವನು ತನ್ನ ಗಾಡಿಯನ್ನೇ ಅಲ್ಲಿಗೆ ತಂದು ನಿಲ್ಲಿಸಿದ. ಕ್ರೂಸರಿನ ಡ್ರೈವರ್ ಶಾರುಖ್ ಸ್ಟೇರಿಂಗ್ ಮೇಲೆ ಗಲ್ಲ ಇಟ್ಟು ಬಹಳ ಹೊತ್ತು ಕಾದ.

"ಮಾಮಾ, ಮಂದಿ ತುಂಬ್ಯಾರ" ಎಂದ ಕೊನೆಗೆ. "ಖರೇ, ಗಾಡ್ಯಾಗ ಅಲ್ಲ. ನಿನ್ನ ಸುತ್ತ."

ನಿಶ್ಚಯದ ದಿನ ಬಂತು. ಅಂಬ್ರಪ್ಪನ ಮನೆಯ ಮುಂದಿನ ಪೆಂಡಾಲಿನಲ್ಲಿ ಕೂಡಿದ ಜನ ಹತ್ತು ಸಾವಿರಕ್ಕೆ ಕಡಿಮೆ ಇರಲಿಲ್ಲ. ಮರದ ಮೇಲೆ ಕೂತವರನ್ನು ಲೆಕ್ಕಕ್ಕೆ ಹಿಡಿದಿಲ್ಲ. ಶ್ರೀಮಂತ ಬಿಳಿ ಅಂಗಿ, ಬಿಳಿ ಧೋತರದಲ್ಲಿ ಮುಂದಿನ ಕುರ್ಚಿಯಲ್ಲಿ ಕೂತ. ಉಡಿ ತುಂಬಿಸಿಕೊಂಡ ಉಮಾ ತಲೆ ತಗ್ಗಿಸಿ ಮಣೆಯ ಮೇಲೆ ಕೂತಿದ್ದಳು. ಅಪ್ಪನತ್ತ ಒಮ್ಮೆ ಮಾತ್ರ ನೋಡಿದಳು. ಆ ನೋಟದಲ್ಲಿ ಜೋಳ ಹುರಿಯಬಹುದಿತ್ತು.

ದ್ಯಾವಪ್ಪ ಸ್ಪೀಕರ್ ಹಚ್ಚಿದ. ದಬ್, ದಬ್ ಎಂಬ ಸದ್ದಿಗೆ ಪೆಂಡಾಲಿನ ಗೂಟಗಳು ನೆಲ ಬಿಟ್ಟು ಜಿಗಿದವು. ಕಪ್ಪು ಕನ್ನಡಕ ಸರಿಮಾಡಿಕೊಂಡು, ಸಿಂಹದಂತೆ ಎರಡು ಹೆಜ್ಜೆ ಮುಂದೆ ಬಂದ:

"ಅಂಬ್ರಪ್ಪ ಮಾಮಾ, ಕೇಳು ನನ್ನ ಮಾತ,
ಹೊಟ್ಟಿ ಮೊದಲ ಬರ್ತದ, ನೀ ಬರ್ತಿ ಹಿಂದ ಸೋತ.
ಗಾಡಿ ತುಂಬೋ ಕೂಗಿಗಿ ನಾಯಿ ಸೈತ ಓಡ್ತಾವ,
ನಿನ್ನ ದನಿ ಕೇಳಿ ಓಣಿ ಕತ್ತಿ ನಾಚಿ ಸಾಯ್ತಾವ."

ಹೈದರಾಬಾದಿನಲ್ಲಾಗಿದ್ದರೆ ಜನ ಹುಚ್ಚೆದ್ದು ಕೂಗುತ್ತಿದ್ದರು. ಸುರಪುರದ ಪೆಂಡಾಲು ಗಪ್ಪಾಯಿತು. ಈ ಊರಲ್ಲಿ ನಾಲ್ಕು ಮಂದಿಯ ಮುಂದೆ ಒಬ್ಬನ ಮೇಲೆ ಮಾತು ಹೊರಿಸಿದರೆ ಅದು ಆಟವಲ್ಲ, ಪಂಚಾಯಿತಿ. ಪಂಚಾಯಿತಿ ಎಂದ ಮೇಲೆ ಸಾಕ್ಷಿ ಬೇಕು. ಶರೀಫಾಬೀ ಮೊಣಕಾಲಿಗೆ ಕೈಕೊಟ್ಟು ಎದ್ದಳು.

"ಅರೇ ಬೇಟಾ, ಹೊಟ್ಟಿ ಎಲ್ಲದ ಅವಗ? ಅಂಬ್ರಪ್ಪ, ಎದ್ದು ನಿಲ್ಲು. ಅಂಗಿ ಎತ್ತು. ನೋಡ್ಲಿ ಎಲ್ಲಾರೂ."

"ಬಿಡ್ರಿ ಶರೀಫಾಬೀ, ಅದು ಹಾಡು" ಎಂದ ಅಂಬ್ರಪ್ಪ ಸಣ್ಣ ದನಿಯಲ್ಲಿ.

"ಹಾಡಾದ್ರೇನು, ಸುಳ್ಳು ಸುಳ್ಳೇ. ಎತ್ತಂದ್ರ ಎತ್ತು."

ಅಂಬ್ರಪ್ಪ ಎತ್ತಿದ. ಹತ್ತು ಸಾವಿರ ಮಂದಿ ಆ ಹೊಟ್ಟೆಯನ್ನು ಪರಿಶೀಲಿಸಿದರು. ಮಧ್ಯಮ ಗಾತ್ರದ್ದು, ದೂರು ಹೇಳುವಷ್ಟಿಲ್ಲ ಎಂದು ತೀರ್ಪಾಯಿತು.

"ನಾಯಿ ಮಾತಿಗಿ ನಾ ಸಾಕ್ಷಿ" ಎಂದು ಶಾರುಖ್ ಎದ್ದ. "ಮಾಮಾ ಕೂಗಿದ್ರ ನಾಯಿ ಓಡಂಗಿಲ್ಲರಿ. ಅವನ ಕಾಲಾಗ ಮಲಗತಾವ. ಬೇಕಂದ್ರ ಅಡ್ಡಾಕ್ಕ ಬಂದು ನೋಡ್ರಿ."

"ಅಜ್ಜಿ, ಅಣ್ಣಾ, ಹಂಗಲ್ಲರಿ, ಇದು ಆಟದ ರೀತಿ" ಎಂದು ದ್ಯಾವಪ್ಪ ಮೈಕಿನಲ್ಲೇ ವಿವರಿಸಲು ನೋಡಿದ. ಯಾರೂ ಕೇಳಲಿಲ್ಲ. ಕಲಾವಿದ ಎದೆಗುಂದಲಿಲ್ಲ. ಎರಡನೆಯ ಬಾಣ ಹೂಡಿದ:

"ಊರಾಗ ಹುಲಿ ಅಂತಿ, ಮನ್ಯಾಗ ಬೆಕ್ಕಿನ ಮರಿ,
ಅತ್ತಿ ಒಮ್ಮಿ ಕೆಮ್ಮಿದ್ರ ಮಂಚದ ಬುಡಕ ಜರಿ."

"ನಮ್ಮ ಮನ್ಯಾಗ ಮಂಚನೇ ಇಲ್ಲಲ್ಲೋ ತಮ್ಮಾ" ಎಂದಳು ಮೋನಮ್ಮ. "ಚಾಪಿ ಮ್ಯಾಲ ಮಲಗತೀವಿ. ಬುಡಕ ಹ್ಯಾಂಗ ಹೋಗ್ತಾರ?"

ಇಡೀ ಹೆಣ್ಣಿನ ಕಡೆ ತಲೆಯಾಡಿಸಿತು. ದ್ಯಾವಪ್ಪನ ಆರೋಪಗಳು ಒಂದೊಂದಾಗಿ ಬಿದ್ದುಹೋಗಿದ್ದವು. ಇಷ್ಟರಲ್ಲಿ ಅವನ ಸ್ಪೀಕರಿನ ಬ್ಯಾಟರಿ ಮುಗಿದದ್ದರಿಂದ, ಕೇವಲ ಅದೊಂದೇ ಕಾರಣದಿಂದ, ಅವನು ಮೈಕನ್ನು ಘನತೆಯಿಂದ ಕೆಳಗಿಟ್ಟು ಕೂತ. ಸೋಲು ಎಂಬ ಮಾತನ್ನು ಯಾರೂ ಎತ್ತಬಾರದು.

ಈಗ ಅಂಬ್ರಪ್ಪನ ಸರದಿ. ಅವನು ಹಿತ್ತಾಳೆ ಕೊಡವನ್ನು ತೊಡೆಯ ಮೇಲೆ ಬೋರಲು ಇಟ್ಟುಕೊಂಡು ನಾಲ್ಕರ ತಾಳ ಹಿಡಿದ. ತಾಳ ಚೊಕ್ಕವಾಗಿತ್ತು. ಬಾಯಿ ತೆರೆದ. ಎದುರಿಗೆ ಬೀಗರು.

"ಬೀಗರ ಮೂಗು... ತಪ್ಪು ತಿಳೀಬ್ಯಾಡ್ರಿ... ಬದನಿಕಾಯಿ ಅಂತ ಕೆಲವರು ಅಂತಾರ್ರಿ, ನಾ ಅನ್ನಂಗಿಲ್ಲರಿ. ಬೀಗರ ಮೀಸಿ... ಭಾಳ ಚಂದ ಅದರಿ, ಆದ್ರೂ ಆಟಕ್ಕ ಅಂತ... ಜಿರಳಿ... ಕ್ಷಮಾ ಮಾಡ್ರಿ."

"ಬೈರಿ ಬೀಗರೇ, ಸಂಕೋಚ ಮಾಡ್ಕೋಬ್ಯಾಡ್ರಿ" ಎಂದ ಶ್ರೀಮಂತ ಕಾಲ ಮೇಲೆ ಕಾಲು ಹಾಕಿ. "ಜಿರಳಿ ಅಂದ್ರಿ. ಮುಂದ?"

ಅಂಬ್ರಪ್ಪನ ಕೈ ಮಾತ್ರ ಕೊಡದ ಮೇಲೆ ತಾಳ ಬಡಿಯುತ್ತಲೇ ಇತ್ತು. ಇಲ್ಲದಿದ್ದರೆ ಮುಗಿಯುತ್ತಿತ್ತು. ತುಟಿ ಆಡಿತು, ಮಾತು ಬರಲಿಲ್ಲ. ಬೆವರು ಕಿವಿಯಿಂದ ಇಳಿದು ಕೊಡದ ಮೇಲೆ ಬಿತ್ತು.

"ಬಾಯಿ ಕಟ್ಟಿದವ ಸೋತ" ಎಂದು ಶ್ರೀಮಂತ ಎದ್ದ. "ಹುಡುಗಿ ಕೆಲಸ ಬಿಡ್ತಾಳ. ಆತು, ಊಟಕ್ಕ ಏಳ್ರಿ."

"ಕೂಡ್ರಿ ಕಾಕಾ" ಎಂದಳು ಅಲ್ಮಾಸ. "ತಾಳ ಇನ್ನೂ ನಡದದ. ತಾಳ ನಿಲ್ಲೋತನಕ ಅವರ ಪಾಳಿ ಮುಗಿಯಂಗಿಲ್ಲ. ನಿಮ್ಮ ಮಗನ್ನ ಕೇಳ್ರಿ."

ಎಲ್ಲರೂ ದ್ಯಾವಪ್ಪನತ್ತ ತಿರುಗಿದರು. ಅವನು ಅಪ್ಪನನ್ನು ನೋಡಿದ, ಕೊಡವನ್ನು ನೋಡಿದ. ಕಲೆಗೆ ದ್ರೋಹ ಮಾಡುವವನಲ್ಲ ಅವನು. "ಹೌದಪ್ಪ" ಎಂದ.

ಅಂಬ್ರಪ್ಪ ಕಣ್ಣು ಮುಚ್ಚಿ ಬಡಿಯುತ್ತಲೇ ಇದ್ದ. ಬೆರಳು ನೋಯುತ್ತಿದ್ದವು. ನಿಲ್ಲಿಸಿದರೆ ಮಗಳ ಕೆಲಸ ಹೋಗುತ್ತದೆ, ನಿಲ್ಲಿಸದಿದ್ದರೆ ಬೆರಳು ಹೋಗುತ್ತವೆ. ಅಷ್ಟರಲ್ಲಿ ಮಣೆಯ ಮೇಲೆ ಬಳೆಯ ಸದ್ದಾಯಿತು. ಉಮಾ ಎದ್ದು ನಿಂತಿದ್ದಳು.

"ಹುಡುಗಿ ಯಾಕ ಎದ್ದಳು?" ಎಂದ ಶ್ರೀಮಂತ.

"ಒಡಪು ಹಾಕಿ ಹೆಸರು ಹೇಳಾಕ ಎದ್ದಾಳ್ರಿ" ಎಂದಳು ಮೋನಮ್ಮ, ಮಗಳ ಮುಖ ನೋಡಿದವಳೇ. "ನಿಶ್ಚಯದಾಗ ಹುಡುಗನ ಹೆಸರು ಹೇಳಬೇಕಲ್ಲರಿ."

ಗಂಡನ ಹೆಸರನ್ನು ಬರಿದೇ ಹೇಳಬಾರದು, ಪ್ರಾಸ ಕಟ್ಟಿ ಅದರೊಳಗಿಟ್ಟು ಹೇಳಬೇಕು. ಅದು ಒಡಪು. ಹೆಣ್ಣು ಒಡಪು ಹೇಳಲು ಎದ್ದರೆ ಈ ಸೀಮೆಯಲ್ಲಿ ನಡುವೆ ಬಾಯಿ ಹಾಕುವ ಗಂಡಸಿಲ್ಲ. ಜಿಲ್ಲಾಧಿಕಾರಿ ಇದ್ದರೂ ಕೈಕಟ್ಟಿ ನಿಲ್ಲಬೇಕು. ಶ್ರೀಮಂತ ಕೂತ. ಉಮಾ ಅಪ್ಪನ ಕೊಡದತ್ತ ಕಿವಿ ಇಟ್ಟಳು, ಒಂದು ಸುತ್ತು ಬಿಟ್ಟಳು, ಉಸಿರು ತಗೊಂಡಳು:

"ಗುಳಿಗಿ ಪರೀಕ್ಷಾ ಮಾಡಾಕಿ, ತಪ್ಪಿದ್ರ ತಡಿಯಾಕಿ,
ನನ್ನ ಸಹಿ ಬೀಳೋ ಮಟ ಗೇಟ್ ದಾಟಗೊಡದಾಕಿ.
ಗುರುಮಠಕಲ್ಲ ಸೊಸಿ ಆಗಿ ಹೊಸ್ತಿಲ ತುಳಿಯಾಕಿ,
ಹೊಸ್ತಿಲ ದಾಟಿ ಮುಂಜಾನಿ ಡ್ಯೂಟಿಗೂ ನಡಿಯಾಕಿ.
ದೊಡ್ಡಪ್ಪಾರ ಬಿ.ಪಿ. ಗುಳಿಗಿ ನೋಡಿ ನೋಡಿ ಕಳಸಾಕಿ,
ಸಾಯಿಕುಮಾರರ ಹೆಸರ ಹೇಳ್ತೀನಿ, ಕೆಲಸ ಬಿಡದಾಕಿ."

ನಡುವೆ ಪ್ರಾಸ, ಕೊನೆಗೂ ಪ್ರಾಸ. ಕಡೆಯ "ಬಿಡದಾಕಿ" ಏಟಿಗಿಂತ ಒಂದು ಕೂದಲಷ್ಟು ಹಿಂದೆ ಬಿದ್ದು, ಬಿದ್ದಲ್ಲೇ ನಾಟಿತು. ಶಾರುಖ್ ಸಿಳ್ಳೆ ಹಾಕಿದ. ಶರೀಫಾಬೀ ಮಾತ್ರ ಕೈ ಎತ್ತಿ ಎಲ್ಲರನ್ನೂ ತಡೆದಳು. ನ್ಯಾಯ ಎಂದರೆ ಎರಡೂ ಕಡೆಗೆ ಒಂದೇ.

"ಕೂಸೇ, ನಿನ್ನ ಮಾತಿಗೂ ಸಾಕ್ಷಿ ಬೇಕು. ಬೀಗರ ಗುಳಿಗಿ ನೀ ನೋಡಿದ್ದೇ ಅಂತ ಯಾರು ಹೇಳಬೇಕು?"

"ಅವರ ಕಿಸೇನೇ ಹೇಳ್ತದ" ಎಂದಳು ಉಮಾ.

ಹತ್ತು ಸಾವಿರ ಜೋಡಿ ಕಣ್ಣು ಶ್ರೀಮಂತನ ಬಿಳಿ ಅಂಗಿಯ ಕಿಸೆಗೆ ನೆಟ್ಟವು. ತೆಳು ಬಟ್ಟೆಯೊಳಗಿಂದ ಬೆಳ್ಳಿಬಣ್ಣದ ಪಟ್ಟಿಯೊಂದು ಇಣುಕುತ್ತಿತ್ತು. ಅಂಬ್ರಪ್ಪನಿಗೆ ಹೊಟ್ಟೆ ತೋರಿಸುವುದು ತಪ್ಪಿರಲಿಲ್ಲ, ಶ್ರೀಮಂತನಿಗೆ ಕಿಸೆ ತೋರಿಸುವುದು ತಪ್ಪಲಿಲ್ಲ. ಗುಳಿಗೆಯ ಪಟ್ಟಿ ಕೈಯಿಂದ ಕೈಗೆ ದಾಟಿ ಶಾರುಖನ ಬಳಿ ಬಂತು. ಅವನು ಅದನ್ನು ಬಿಸಿಲಿಗೆ ಹಿಡಿದು, ಹಿಂದಿನ ಸಣ್ಣ ಅಕ್ಷರಗಳನ್ನು ಕಣ್ಣು ಕಿರಿದು ಮಾಡಿ ಓದಿದ.

"ತಯಾರಾದ ಜಾಗ, ಕಡೇಚೂರ."

ಪೆಂಡಾಲಿನಲ್ಲಿ ಎದ್ದ ಗದ್ದಲಕ್ಕೆ ಕೃಷ್ಣೆಯ ಮೀನುಗಳು ತೆಲಂಗಾಣದ ಕಡೆ ಓಡಿದವು. ಶ್ರೀಮಂತನ ಮುಖ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದ.

"ಸಿಟ್ಟಿಗೆದ್ದವನೂ ಸೋತ ಅಂತ ನೀವೇ ಅಂದೀರಿ ಬೀಗರೇ" ಎಂದ ಅಂಬ್ರಪ್ಪ, ಕೊಡ ಬಡಿಯುತ್ತಲೇ. ಆ ದಿನ ಅವನು ತಡವರಿಸದೆ ಹೇಳಿದ ಮಾತು ಅದೊಂದೇ.

ಶ್ರೀಮಂತ ಬಾಯಿ ಮುಚ್ಚಿದ. ಪಟ್ಟಿಯನ್ನು ವಾಪಸು ಇಸಿದುಕೊಂಡು ಒಂದು ಗುಳಿಗೆ ಒಡೆದು ನುಂಗಿ ನೀರು ಕುಡಿದ. ಅದು ಇಳಿಯುವವರೆಗೆ ಎಲ್ಲರೂ ಕಾದರು.

"ಅವ್ವಾ ಉಮಾ" ಎಂದ. "ಕೆಲಸ ಬಿಡಬ್ಯಾಡ. ನೀ ಬಿಟ್ರ ಇದನ್ನ ಯಾರ ಮ್ಯಾಲ ಭರೋಸಾ ಇಟ್ಟು ನುಂಗಬೇಕು ನಾ? ಬದುಕೋ ಆಸೆ ಇನ್ನೂ ಅದ ನನಗ. ಬೀಗರೇ, ಆ ಕೊಡ ಬಿಡ್ರಿ ಇನ್ನ. ನೀವು ಗೆದ್ದೀರಿ."

ಅಂಬ್ರಪ್ಪ ಕೊಡ ಬಿಟ್ಟ. ಬೆರಳುಗಳು ಇನ್ನೂ ನಾಲ್ಕರ ತಾಳದಲ್ಲೇ ನಡುಗುತ್ತಿದ್ದವು. ಈಗ ಹುಡುಗನ ಸರದಿ ಎಂದು ಹೆಂಗಸರು ಹಟ ಹಿಡಿದರು. ಸಾಯಿಕುಮಾರ ಕೆಂಪಗಾಗಿ ಎದ್ದ:

"ಎರಡು ಡಬ್ಬಿ ಬುತ್ತಿ ಕಟ್ಟಿ ಒಂದೇ ಚೀಲದಾಗಿಡ್ತೀನಿ,
ಉಮಾನ ಹೆಸರ ಹೇಳ್ತೀನಿ, ಆಕಿ ಹತ್ತದ ಗಾಡಿ ನಾನೂ ಬಿಡ್ತೀನಿ."

ಆಮೇಲೆ ಅಂಬ್ರಪ್ಪನನ್ನು ಶಾರುಖನ ಗಾಡಿಯ ಮೇಲೆ ಕೂರಿಸಿ ಮೆರವಣಿಗೆ ಹೊರಟಿತು. ಆ ಮೆರವಣಿಗೆಯ ತಲೆ ಶಹಾಪುರ ಮುಟ್ಟಿದಾಗ ಬಾಲ ಇನ್ನೂ ಸುರಪುರದಲ್ಲಿ ಊಟಕ್ಕೆ ಕೂತಿತ್ತು. ನ್ಯೂಯಾರ್ಕಿನಿಂದ ಫೋನು ಬಂತು. ಬ್ರಾಂಕ್ಸಿನ ಹಿರಿಯರು...

"ಸಾಕು" ಎಂದಳು ಉಮಾ.

ಗುರುಮಠಕಲ್ಲಿನ ನಮ್ಮ ಪಡಸಾಲೆಯಲ್ಲಿ ಕೂತವರಿಗೆ ನಾನು ಹೇಳುತ್ತಿದ್ದ ಈ ಕಥೆ ಇಲ್ಲಿಯವರೆಗೆ ಬಂದಾಗ ಅವಳು ಡ್ಯೂಟಿ ಮುಗಿಸಿ ಬಂದು ಬಾಗಿಲಲ್ಲಿ ನಿಂತಿದ್ದು ಯಾರಿಗೂ ಗೊತ್ತಾಗಿರಲಿಲ್ಲ. ಬುತ್ತಿಯ ಚೀಲ ಕೆಳಗಿಟ್ಟು ಸೊಂಟಕ್ಕೆ ಕೈಕೊಟ್ಟಳು.

"ಹತ್ತು ಸಾವಿರ ಮಂದಿನ?"

"ಪೆಂಡಾಲ ತುಂಬಿತ್ತಲ್ಲರಿ ವೈನಿ."

"ಪೆಂಡಾಲ ಎಷ್ಟಿತ್ತು?"

"ಸಣ್ಣದಿತ್ರಿ."

"ರ‍್ಯಾಪ್ ಹುಟ್ಟಿದ್ದು?"

"ಅಲ್ಮಾಸ ಟೀಚರ್ ಹೇಳಿದಲ್ಲೇರಿ. ಬ್ರಾಂಕ್ಸ್."

"ಲಕ್ಷ ಲಕ್ಷ ಅಭಿಮಾನಿಗಳು?"

"ನಮ್ಮ ಬಳಗದವರು. ಅದರಾಗ ಅರ್ಧ ಮಂದಿದು ನಾನ ಅವರ ಮೊಬೈಲ್ ಇಸಗೊಂಡು ಲೈಕ್ ಒತ್ತೀನಿ."

"ಮತ್ತ ಆ ಸ್ಪೀಕರಿನ ಬ್ಯಾಟರಿ?"

ಇದಕ್ಕೆ ಸುಳ್ಳು ಹೇಳಲು ಬಾಯಿ ತೆರೆದೆ. ಪ್ರಾಸ ಹೊಂದಲಿಲ್ಲ. ಬ್ಯಾಟರಿ ತುಂಬಿತ್ತು. ಶರೀಫಾಬೀ ಮತ್ತೊಂದು ಸಾಕ್ಷಿ ಕರೆಯುವ ಮೊದಲೇ ನಾನೇ ಸ್ವಿಚ್ ಒತ್ತಿ ಬಂದ್ ಮಾಡಿದ್ದೆ. ಹೌದು, ಈ ಜಿಲ್ಲೆ ಕಂಡರಿಯದ ಆ ಚೆಲುವ, ಆ ಸಿಂಹ, ಆ ಕಲಾವಿದ ದ್ಯಾವಪ್ಪ ನಾನೇ.

"ಸೋತೀನ್ರಿ ವೈನಿ" ಎಂದೆ. "ತಾಳ ಸಮೇತ ಸೋತೀನಿ."

"ಹಂಗ ಬಾ ದಾರಿಗಿ" ಎಂದು ಅವಳು ಒಳಗೆ ಹೋದಳು. ಅಡುಗೆಮನೆಯಿಂದ ಸಾಯಿಕುಮಾರ ನಾಳೆಯ ಬುತ್ತಿಗೆ ಏನು ಪಲ್ಯ ಎಂದು ಕೇಳುತ್ತಿದ್ದ. ದೊಡ್ಡ ಕುರ್ಚಿಯಲ್ಲಿ ನಮ್ಮಪ್ಪ ಗುಳಿಗೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ಓದಿ, ಸಮಾಧಾನವಾದ ಮೇಲೆ ನುಂಗಿದ.